ಟಪಾಲಿಗೊಂದು ಹೊತ್ತು, ಕೆಲಸಕ್ಕೊಂದು ಹೊತ್ತು

ಕಂಪ್ಯೂಟರ್ ಬರುವ ಮೊದಲು ನಮ್ಮ ಸರ್ಕಾರಿ ಕಚೇರಿಗಳಲ್ಲಿ ಕಾಗದಪತ್ರ ಹೇಗೆ ನಡೆಯುತ್ತಿತ್ತೆಂದು ಹಳೆಯ ಗುಮಾಸ್ತರನ್ನು ಕೇಳಿ ನೋಡಿ. ಬಂದ ಟಪಾಲೆಲ್ಲ ಒಂದು ಮೇಜಿಗೆ ಹೋಗುತ್ತಿತ್ತು. ಆವಕ ವಹಿಯಲ್ಲಿ ಅದಕ್ಕೊಂದು ಸಂಖ್ಯೆ ಬೀಳುತ್ತಿತ್ತು. ಸಾಹೇಬರು ನೋಡಿ ಸಹಿ ಹಾಕಿದ ಮೇಲೆ ಸಂಬಂಧಪಟ್ಟವರ ಮೇಜಿಗೆ ಹಂಚಿಕೆಯಾಗುತ್ತಿತ್ತು. ಆ ವ್ಯವಸ್ಥೆಯಲ್ಲಿ ವಿಳಂಬ ಧಾರಾಳವಾಗಿತ್ತು, ಅದನ್ನು ಮತ್ತೆ ತರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಟಪಾಲು ನೋಡುವ ಹೊತ್ತು ಬೇರೆ, ಕಡತ ಬರೆಯುವ ಹೊತ್ತು ಬೇರೆ ಎಂಬ ತಿಳಿವಳಿಕೆ ಅದರಲ್ಲಿತ್ತು.

ಇ-ಮೇಲ್ ಹುಟ್ಟಿದ್ದೂ ಕಾಯಬಲ್ಲ ಕಾಗದವಾಗಿಯೇ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಅರ್ಪಾನೆಟ್ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೇಲ್ ಕಳಿಸಿದರು. ಫೋನಿನಲ್ಲಾದರೆ ಆಚೆ ಬದಿಯವರು ಅದೇ ಗಳಿಗೆಯಲ್ಲಿ ಸಿಗಬೇಕು. ಮೇಲ್‌ಗೆ ಆ ಹಂಗಿಲ್ಲ. ಪಡೆದವರು ಪುರುಸೊತ್ತಾದಾಗ ನೋಡುವ ತನಕ ಅದು ಕಾದಿರುತ್ತದೆ. ಈ ಒಂದು ದೊಡ್ಡ ಅನುಕೂಲವನ್ನು ನಾವೇ ಕೈಯಾರೆ ಕಳೆದುಕೊಂಡಿದ್ದೇವೆ. ಮೇಲ್ ಬಂದ ಸದ್ದಿಗೆ ಕೋಡ್ ಬರೆಯುವವರು ಕೋಡ್ ಬಿಡುತ್ತಾರೆ, ಲೆಕ್ಕ ತಾಳೆ ನೋಡುತ್ತಿರುವವರು ಲೆಕ್ಕ ಬಿಡುತ್ತಾರೆ, ಪ್ರಶ್ನೆಪತ್ರಿಕೆ ತೆಗೆಯುತ್ತಿರುವ ಮೇಷ್ಟ್ರು ಪ್ರಶ್ನೆಯನ್ನೇ ಮರೆಯುತ್ತಾರೆ. ತಲೆ ಕೊಟ್ಟು ಮಾಡಬೇಕಾದ ಕೆಲಸವಿರುವ ಎಲ್ಲರಿಗೂ ಈ ಸೂತ್ರಗಳು.

1. ಬೆಳಗಿನ ಹೊತ್ತನ್ನು ಮೇಲ್‌ಗೆ ಕೊಡಬೇಡಿ

ಬೆಂಗಳೂರಿನ ಐಟಿ ಕಚೇರಿಯವರು ಬೆಳಿಗ್ಗೆ ಇನ್‌ಬಾಕ್ಸ್ ತೆರೆದರೆ ರಾತ್ರಿಯಿಡೀ ಅಮೆರಿಕದಿಂದ ಬಂದದ್ದು ರಾಶಿ ಬಿದ್ದಿರುತ್ತದೆ. ನೋಡಿದೊಡನೆ ಎದೆ ಧಸಕ್ಕೆನ್ನುತ್ತದೆ. ಒಂದೊಂದಕ್ಕೆ ಉತ್ತರ ಬರೆಯುತ್ತ ಕೂತರೆ ಹನ್ನೊಂದೂವರೆ ಆದದ್ದೇ ತಿಳಿಯುವುದಿಲ್ಲ.

ಆದರೆ ಗಡಿಯಾರದ ಲೆಕ್ಕ ಹಾಕಿ. ನ್ಯೂಜೆರ್ಸಿ ನಮಗಿಂತ ಬೇಸಿಗೆಯಲ್ಲಿ 9 ಗಂಟೆ 30 ನಿಮಿಷ ಹಿಂದೆ, ಚಳಿಗಾಲದಲ್ಲಿ 10 ಗಂಟೆ 30 ನಿಮಿಷ ಹಿಂದೆ. ಇಲ್ಲಿ ಬೆಳಿಗ್ಗೆ 9:30 ಆದಾಗ ಅಲ್ಲಿ ನಡುರಾತ್ರಿ, ಇಲ್ಲವೇ ರಾತ್ರಿ 11. ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ 8 ಅಥವಾ 9. ಲಂಡನ್ನಿನ ಕಚೇರಿ 9ಕ್ಕೆ ಬಾಗಿಲು ತೆರೆದಾಗ ನಮಗೆ ಮಧ್ಯಾಹ್ನ 1:30 ಅಥವಾ 2:30. ನ್ಯೂಜೆರ್ಸಿಯವರು ಬೆಳಿಗ್ಗೆ 8ಕ್ಕೆ ಕುರ್ಚಿಯಲ್ಲಿ ಕೂರುವಾಗ ನಮಗೆ ಸಂಜೆ 5:30 ಅಥವಾ 6:30. ನೀವು 9:45ಕ್ಕೆ ಕಳಿಸಿದ ಉತ್ತರವನ್ನೂ 12:30ಕ್ಕೆ ಕಳಿಸಿದ ಉತ್ತರವನ್ನೂ ಅವರು ಓದುವುದು ಒಂದೇ ಹೊತ್ತಿಗೆ. ಆ ಮೂರು ಗಂಟೆಯ ಧಾವಂತದಿಂದ ಯಾರಿಗೂ ಏನೂ ಸಿಗುವುದಿಲ್ಲ, ನಿಮಗೆ ಮಾತ್ರ ದಿನದ ಅತ್ಯುತ್ತಮ ಭಾಗ ನಷ್ಟ. ವಿದೇಶದೊಡನೆ ಕೆಲಸ ಮಾಡುವ ಬೆಂಗಳೂರಿಗರಿಗೆ ಬೆಳಗು ತಾನಾಗಿ ಒದಗಿದ ಏಕಾಂತ, ಪ್ರಪಂಚದ ಆ ಅರ್ಧ ಮಲಗಿರುವ ಹೊತ್ತು.

ನ್ಯೂಜೆರ್ಸಿಯಲ್ಲಿರುವ ಕನ್ನಡಿಗರಿಗೆ ಇದು ತಿರುಗುಮುರುಗು. ಅಲ್ಲಿ ಬೆಳಗಾದಾಗ ಬೆಂಗಳೂರಿನ ತಂಡ ಮನೆಗೆ ಹೊರಡುವ ತಯಾರಿಯಲ್ಲಿರುತ್ತದೆ. ಹಾಗಾಗಿ ಅವರು ಮೊದಲ ಗಂಟೆಯನ್ನು ಮಾತುಕತೆಗೆ ಕೊಟ್ಟು, ಭಾರತ ಮಲಗಿರುವ ಮಧ್ಯಾಹ್ನವನ್ನು ತಮಗಾಗಿ ಉಳಿಸಿಕೊಳ್ಳಬೇಕು.

ಬ್ಯಾಂಕ್ ಶಾಖೆಯಲ್ಲೋ ಕಾಲೇಜಿನಲ್ಲೋ ಇರುವವರ ಲೆಕ್ಕ ಬೇರೆ. ನಿಮ್ಮ ಇನ್‌ಬಾಕ್ಸಿನಲ್ಲಿ ಒಂದು ವಾರದ ಮೇಲ್‌ಗಳು ಎಷ್ಟೆಷ್ಟು ಹೊತ್ತಿಗೆ ಬಂದಿವೆ ನೋಡಿ. ಎಲ್ಲೋ ಒಂದು ಬಿಡುವು ಕಂಡೇ ಕಾಣುತ್ತದೆ. ನಿಮ್ಮ ಏಕಾಗ್ರತೆಯ ಹೊತ್ತು ಅದು.

2. ಆ ಹೊತ್ತಿಗೆ ಏನು ಮಾಡಬೇಕೆಂದು ಹಿಂದಿನ ಸಂಜೆಯೇ ಬರೆದಿಡಿ

ಒಂದೇ ಕೆಲಸ, ಒಂದೇ ಸಾಲು: "ಆಡಿಟ್ ವರದಿಯ ಮೂರನೆಯ ಭಾಗ." ಬರೆದಿಡದೆ ಬಂದವರು ಏನು ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಬೆರಳು ಮೇಲ್ ತೆರೆದಿರುತ್ತದೆ.

3. ದಿನಕ್ಕೆ ಮೂರು ಹೊತ್ತು ಸಾಕು

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೋಸ್ತಾದಿನ್ ಕುಶ್ಲೆವ್ ಮತ್ತು ಎಲಿಜಬೆತ್ ಡನ್ 2015ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 124 ಮಂದಿಗೆ ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್ ನೋಡಲು ಹೇಳಿದರು; ಇನ್ನೊಂದು ವಾರ ಎಷ್ಟು ಸಲ ಬೇಕಾದರೂ ನೋಡಬಹುದಿತ್ತು. ಮೂರು ಸಲದ ವಾರದಲ್ಲಿ ಅವರ ಮನಸ್ಸಿನ ಒತ್ತಡ ಕಡಿಮೆಯಿತ್ತು.

ಹನ್ನೆರಡಕ್ಕೊಮ್ಮೆ, ಮೂರಕ್ಕೊಮ್ಮೆ, ಹೊರಡುವ ಮುಂಚೆ ಒಮ್ಮೆ ಎಂದಿಟ್ಟುಕೊಳ್ಳಿ. ಪ್ರತಿ ಹೊತ್ತಿಗೂ ಅರ್ಧ ಗಂಟೆ. ಕ್ಯಾಲೆಂಡರಿನಲ್ಲಿ ಮೀಟಿಂಗ್ ಗುರುತು ಹಾಕುವಂತೆಯೇ ಇದನ್ನೂ ಹಾಕಿ. ಮೂರು ಸಾಲದೆ ನಾಲ್ಕು ಬೇಕಾದರೆ ನಾಲ್ಕು ಮಾಡಿ. ಮುಖ್ಯವಾದದ್ದು ಆ ಹೊತ್ತನ್ನು ಗೊತ್ತುಮಾಡುವವರು ನೀವಾಗಿರುವುದು. ನೋಡುವ ಹೊತ್ತಿನಲ್ಲಿ ಮಾತ್ರ ಪೂರ್ತಿ ಮನಸ್ಸು ಕೊಟ್ಟು ನೋಡಿ. ಇನ್ನೊಬ್ಬರ ಮೇಲ್‌ಗೆ ಅರೆಮನಸ್ಸಿನಿಂದ ಬರೆದ ಉತ್ತರ ಮತ್ತೆರಡು ಮೇಲ್‌ಗಳಿಗೆ ದಾರಿ.

4. ಸದ್ದು, ಕೆಂಪು ಚುಕ್ಕಿ, ಮೂಲೆಯ ಪಟ್ಟಿ: ಮೂರನ್ನೂ ನಿಲ್ಲಿಸಿ

ಮನಸ್ಸು ಗಟ್ಟಿಮಾಡಿಕೊಂಡು ಮೇಲ್ ನೋಡದೆ ಕೂರುತ್ತೇನೆ ಎಂಬ ಸಂಕಲ್ಪಕ್ಕಿಂತ ಸೆಟ್ಟಿಂಗ್ ಬದಲಿಸುವುದು ಸುಲಭ, ಖಚಿತ. ಔಟ್‌ಲುಕ್‌ನ ಹಳೆಯ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಫೈಲ್, ಆಪ್ಷನ್ಸ್, ಮೇಲ್ ಎಂದು ಹೋದರೆ ಸದ್ದು, ಡೆಸ್ಕ್‌ಟಾಪ್ ಅಲರ್ಟ್ ಎಲ್ಲದರ ಮುಂದಿನ ಗುರುತನ್ನು ತೆಗೆಯಬಹುದು. ಫೋನಿನ ಜಿಮೇಲ್‌ನಲ್ಲಿ ನೋಟಿಫಿಕೇಶನ್ ಪೂರ್ತಿ ನಿಲ್ಲಿಸಬಹುದು, ಬೇಡವೆಂದರೆ ಮುಖ್ಯವಾದವಕ್ಕಷ್ಟೇ ಇಟ್ಟುಕೊಳ್ಳಬಹುದು. ಜೊತೆಗೆ ಟೀಮ್ಸ್ ಮತ್ತು ವಾಟ್ಸ್ಆ್ಯಪ್ ಗುಂಪುಗಳನ್ನೂ ಮ್ಯೂಟ್ ಮಾಡಿ. ಮೇಲ್‌ಗೆ ಬಾಗಿಲು ಹಾಕಿ ವಾಟ್ಸ್ಆ್ಯಪ್‌ಗೆ ತೆರೆದಿಟ್ಟರೆ ಏನೂ ಆದಂತಾಗಲಿಲ್ಲ.

"ಮ್ಯಾನೇಜರ್ ಮೇಲ್ ತಪ್ಪಿಹೋದರೆ?" ಎಂಬ ಭಯ ನಿಜವಾದದ್ದು. ವಲಯ ಕಚೇರಿಯಿಂದ "ಇಂದು ಸಂಜೆಯೊಳಗೆ" ಎಂದು ಬರುವ ಮೇಲ್‌ಗಳ ನಡುವೆ ಬದುಕುವ ಬ್ಯಾಂಕ್ ನೌಕರರಿಗಂತೂ ಇದು ದಿನದ ಮಾತು. ಅದಕ್ಕೂ ದಾರಿಯಿದೆ. ಔಟ್‌ಲುಕ್‌ನ ರೂಲ್ಸ್‌ನಲ್ಲಿ ಒಬ್ಬಿಬ್ಬರ ಹೆಸರು ಕೊಟ್ಟು, ಅವರಿಂದ ಬಂದರೆ ಮಾತ್ರ ಸದ್ದಾಗುವಂತೆ ಮಾಡಬಹುದು. ಐಫೋನಿನ ಮೇಲ್ ಆ್ಯಪ್‌ನಲ್ಲಿ ವಿಐಪಿ ಪಟ್ಟಿಯಿದೆ. ಎರಡೋ ಮೂರೋ ಹೆಸರು ಇರಲಿ. ಹತ್ತಾದರೆ ಮತ್ತೆ ಮೊದಲಿನ ಗದ್ದಲವೇ.

5. ಔಟ್‌ಲುಕ್ ತೆರೆದೊಡನೆ ಕ್ಯಾಲೆಂಡರ್ ಕಾಣಲಿ

ಮೀಟಿಂಗ್ ಎಷ್ಟು ಗಂಟೆಗೆ ಎಂದು ನೋಡಲು ಹೋಗಿ ಇನ್‌ಬಾಕ್ಸಿನಲ್ಲಿ ಸಿಕ್ಕಿಬೀಳುವವರು ಬಹಳ. ಹಳೆಯ ಔಟ್‌ಲುಕ್‌ನಲ್ಲಿ ಆಪ್ಷನ್ಸ್, ಅಡ್ವಾನ್ಸ್ಡ್ ಎಂಬಲ್ಲಿ ಪ್ರೋಗ್ರಾಂ ಯಾವ ಫೋಲ್ಡರಿನಿಂದ ಶುರುವಾಗಬೇಕೆಂದು ಆಯ್ದುಕೊಳ್ಳಬಹುದು. ಅಲ್ಲಿ ಇನ್‌ಬಾಕ್ಸ್ ತೆಗೆದು ಕ್ಯಾಲೆಂಡರ್ ಇಡಿ. ಹಳೆಯದೊಂದು ಮೇಲ್ ಹುಡುಕಲೇಬೇಕಾಗಿ ಬಂದು, ಹೊಸದು ಕಣ್ಣಿಗೆ ಬೀಳಬಾರದೆಂದರೆ 'ವರ್ಕ್ ಆಫ್‌ಲೈನ್' ಒತ್ತಿ. ಹೊಸ ಮೇಲ್ ಒಳಗೆ ಬರುವುದೇ ನಿಲ್ಲುತ್ತದೆ, ಹಳೆಯದೆಲ್ಲ ಕೈಗೆ ಸಿಗುತ್ತದೆ.

6. ಕೆಲಸ ಬಿಟ್ಟು ಏಳುವ ಮುನ್ನ ಒಂದು ಸಾಲು ಬರೆಯಿರಿ

ಎರಡು ನಿಮಿಷ ಮೇಲ್ ನೋಡಿದರೆ ಎರಡೇ ನಿಮಿಷ ಹೋಯಿತು ಎಂದುಕೊಳ್ಳುವುದು ತಪ್ಪು ಲೆಕ್ಕ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಮುಗಿಯದ ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಭಾಗ ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ, ಮುಂದಿನ ಕೆಲಸ ಅಷ್ಟರಮಟ್ಟಿಗೆ ಕೆಡುತ್ತದೆ. ಮೇಲ್‌ನಲ್ಲಂತೂ ಮುಗಿಯದವೇ ಹೆಚ್ಚು. "ಈ ಬಗ್ಗೆ ಮಾತಾಡಬೇಕು" ಎಂದು ಮೇಲಧಿಕಾರಿ ಬರೆದ ಒಂದೇ ಸಾಲು ಓದಿ ಮತ್ತೆ ಲೆಕ್ಕಕ್ಕೆ ಬಂದು ಕೂತು ನೋಡಿ, ಕಣ್ಣು ಅಂಕಿಯ ಮೇಲೆ, ಮನಸ್ಸು ಸಾಹೇಬರ ಕೋಣೆಯಲ್ಲಿ.

ಲೆರಾಯ್ ಅವರೇ ಥೆರೆಸಾ ಗ್ಲಾಂಬ್ ಜೊತೆಗೂಡಿ 2018ರಲ್ಲಿ ಇದಕ್ಕೊಂದು ಪರಿಹಾರವನ್ನೂ ಪರೀಕ್ಷಿಸಿದರು. ನಡುವೆ ಏಳಬೇಕಾಗಿ ಬಂದವರು ಎಲ್ಲಿಗೆ ನಿಲ್ಲಿಸಿದ್ದೇನೆ, ಮರಳಿ ಬಂದಾಗ ಮೊದಲು ಏನು ಮಾಡಬೇಕು ಎಂದು ಗುರುತು ಹಾಕಿಕೊಂಡರೆ ಆ ಅಂಟು ಸಡಿಲವಾಗುತ್ತದೆ. ಆದ್ದರಿಂದ ಮೇಲ್ ಹೊತ್ತು ಬಂದಾಗ ಕೀಬೋರ್ಡಿನ ಪಕ್ಕದ ಚೀಟಿಯಲ್ಲಿ ಬರೆಯಿರಿ: "ಸಾಲು 40ರವರೆಗೆ ತಾಳೆಯಾಗಿದೆ, ಮುಂದೆ ಜಿಎಸ್‌ಟಿ ಕಾಲಂ." ಅರ್ಧ ನಿಮಿಷದ ಕೆಲಸ. ಈ ಪಟ್ಟಿಯಲ್ಲಿ ಒಂದನ್ನೇ ಆರಿಸಿಕೊಳ್ಳುವುದಾದರೆ ಇದನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ಇದಕ್ಕೆ ಯಾರ ಒಪ್ಪಿಗೆಯೂ ಬೇಡ, ಯಾವ ಸಾಫ್ಟ್‌ವೇರೂ ಬೇಡ.

7. ತೆರೆದದ್ದನ್ನು ವಿಲೇವಾರಿ ಮಾಡಿ

ಓದಿ, ಮತ್ತೆ 'ಅನ್‌ರೆಡ್' ಎಂದು ಗುರುತು ಹಾಕಿ, ಸಂಜೆ ಅದನ್ನೇ ಇನ್ನೊಮ್ಮೆ ಓದುವುದು ಬೇಡ. ಎರಡು ನಿಮಿಷದಲ್ಲಿ ಮುಗಿಯುವುದಾದರೆ ಆಗಲೇ ಮುಗಿಸಿ. ಇದು ಡೇವಿಡ್ ಅಲೆನ್ 2001ರ ತಮ್ಮ ಪುಸ್ತಕದಲ್ಲಿ ಹೇಳಿದ ಪ್ರಸಿದ್ಧ ನಿಯಮ. ಹೆಚ್ಚು ಹೊತ್ತು ಬೇಡುವುದಾದರೆ ಅದು ಮೇಲ್ ಅಲ್ಲ, ಕೆಲಸ; ಕ್ಯಾಲೆಂಡರಿನಲ್ಲಿ ಅದಕ್ಕೊಂದು ಜಾಗ ಕೊಟ್ಟು ಇನ್‌ಬಾಕ್ಸಿನಿಂದ ತೆಗೆಯಿರಿ. ಕಳಿಸಿದವರಿಗೆ ಒಂದು ಸಾಲು: "ಸರ್, ಮೇಲ್ ನೋಡಿದೆ. ಅಂಕಿಅಂಶ ನಾಳೆ 11ರೊಳಗೆ ಕಳಿಸುತ್ತೇನೆ." ಬಹುಪಾಲು ನೆನಪೋಲೆಗಳು ಈ ಒಂದು ಸಾಲಿಗೆ ನಿಲ್ಲುತ್ತವೆ. ಜನಕ್ಕೆ ಬೇಕಾದದ್ದು ತಕ್ಷಣದ ಉತ್ತರಕ್ಕಿಂತ ಹೆಚ್ಚಾಗಿ ಉತ್ತರ ಯಾವಾಗ ಎಂಬ ಭರವಸೆ.

ಈ ನಿಯಮದ ಒಂದು ಅಪಾಯವನ್ನೂ ಹೇಳಬೇಕು. ಎರಡು ನಿಮಿಷದ ನಿಯಮ ಮೇಲ್ ಹೊತ್ತಿನೊಳಗೆ ಮಾತ್ರ. ದಿನವಿಡೀ ಅದನ್ನು ಪಾಲಿಸಿದರೆ ದಿನವಿಡೀ ಎರಡೆರಡು ನಿಮಿಷದ ಕೆಲಸಗಳೇ ಆಗುತ್ತವೆ.

8. ಸಿಸಿಯನ್ನು ಬೇರೆ ಫೋಲ್ಡರಿಗೆ ಕಳಿಸಿ

ನಮ್ಮ ಕಚೇರಿಗಳಲ್ಲಿ ಸಿಸಿಗೆ ಒಂದು ವಿಶೇಷ ಉಪಯೋಗವಿದೆ: ನಾಳೆ ಯಾರೂ ನನ್ನನ್ನು ಕೇಳಬಾರದು ಎಂಬ ರಕ್ಷಣೆ. ಕೆಳಗಿನವರು ಮೇಲಿನವರಿಗೆ, ಮೇಲಿನವರು ಅವರ ಮೇಲಿನವರಿಗೆ ಸಿಸಿ ಹಾಕುತ್ತ ಹೋಗುತ್ತಾರೆ. ಇವುಗಳಲ್ಲಿ ನಿಮ್ಮಿಂದ ಏನೂ ಆಗಬೇಕಿರುವುದಿಲ್ಲ. ನಿಮ್ಮ ಹೆಸರು ಸಿಸಿಯಲ್ಲಿದ್ದರೆ ಮೇಲ್ ತಾನಾಗಿ ಬೇರೆ ಫೋಲ್ಡರಿಗೆ ಹೋಗುವಂತೆ ಔಟ್‌ಲುಕ್‌ನಲ್ಲಿ ರೂಲ್ ಹಾಕಬಹುದು. ಸಂಜೆ ಒಮ್ಮೆ ಕಣ್ಣಾಡಿಸಿದರೆ ಸಾಕು. ಜಿಮೇಲ್‌ನ ಸೆಟ್ಟಿಂಗ್‌ನಲ್ಲಿ ಒಂದು ಸಣ್ಣ ಬಾಣದ ಗುರುತು ಸಿಗುತ್ತದೆ: ನಿಮ್ಮೊಬ್ಬರಿಗೇ ಬಂದ ಮೇಲ್‌ಗೆ ಜೋಡಿ ಬಾಣ, ನಿಮ್ಮ ಜೊತೆ ಇತರರಿಗೂ ಬಂದದ್ದಕ್ಕೆ ಒಂದೇ ಬಾಣ. ಜೋಡಿ ಬಾಣದವನ್ನು ಮೊದಲು ನೋಡಿ.

ಮ್ಯಾನೇಜರ್ ಆಗಿದ್ದರೆ ತಂಡಕ್ಕೆ ಬಾಯಿಬಿಟ್ಟು ಹೇಳಿ: "ಇಂಥ ವಿಷಯಕ್ಕೆ ನನಗೆ ಸಿಸಿ ಬೇಡ, ನಿಮ್ಮ ಮೇಲೆ ನಂಬಿಕೆಯಿದೆ." ಸಿಸಿಗೆ ಭಯ ಕಾರಣವಾಗಿರುವಲ್ಲಿ ಫಿಲ್ಟರಿಗಿಂತ ಈ ಮಾತು ಕೆಲಸ ಮಾಡುತ್ತದೆ.

9. ಫೋಲ್ಡರುಗಳ ಸಂಸಾರ ಬೆಳೆಸಬೇಡಿ

ಸಿಸಿಯ ಆ ಒಂದು ಫೋಲ್ಡರ್ ಬಿಟ್ಟರೆ ಬೇರೆ ಹೆಚ್ಚೇನೂ ಬೇಡ. ಐಬಿಎಂನ ಸಂಶೋಧಕರು 2011ರಲ್ಲಿ 345 ಮಂದಿ ಹಳೆಯ ಮೇಲ್‌ಗಳನ್ನು ಹೇಗೆ ಹುಡುಕುತ್ತಾರೆಂದು ಪರಿಶೀಲಿಸಿದರು. ಫೋಲ್ಡರುಗಳಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟವರಿಗೆ ಹುಡುಕಾಟದಲ್ಲಿ ಹೆಚ್ಚಿನ ಲಾಭವೇನೂ ಆಗಿರಲಿಲ್ಲ. ಮುಗಿದದ್ದನ್ನು ಆರ್ಕೈವ್ ಮಾಡಿ, ಬೇಕಾದಾಗ ಸರ್ಚ್ ಮಾಡಿ.

10. 'ವಿಷಯ', 'ಉಲ್ಲೇಖ' ಬರೆಯುವುದನ್ನು ಸರ್ಕಾರಿ ಪತ್ರದಿಂದ ಕಲಿಯಿರಿ

ಇಲ್ಲಿಯವರೆಗೆ ಹೇಳಿದ್ದು ಬರುವ ಮೇಲ್ ಬಗ್ಗೆ. ನಾವು ಕಳಿಸುವುದು ಇನ್ನೊಬ್ಬರ ಏಕಾಗ್ರತೆಯನ್ನು ಮುರಿಯುತ್ತದೆ ಎಂಬುದು ನೆನಪಿಗೆ ಬರುವುದು ಕಡಿಮೆ.

ಕರ್ನಾಟಕದ ಯಾವುದೇ ಸರ್ಕಾರಿ ಪತ್ರ ತೆಗೆದು ನೋಡಿ. 'ಮಾನ್ಯರೇ' ಆದ ಕೂಡಲೇ 'ವಿಷಯ', ಅದರ ಕೆಳಗೆ 'ಉಲ್ಲೇಖ'. ಪತ್ರ ಯಾವುದರ ಬಗ್ಗೆ, ಹಿಂದೆ ಏನು ನಡೆದಿದೆ ಎಂಬುದು ಎರಡು ಸಾಲಿನಲ್ಲಿ ತಿಳಿಯುತ್ತದೆ. ಆ ಪತ್ರಗಳ ಭಾಷೆ ಭಾರವಾಗಿರಬಹುದು, ಈ ಕ್ರಮ ಮಾತ್ರ ಬಲು ಚೆನ್ನು. ನಮ್ಮ ಮೇಲ್‌ಗಳಲ್ಲೋ "ಅರ್ಜೆಂಟ್", "ಅಪ್‌ಡೇಟ್", ಇಲ್ಲವೇ ಮೂರು ತಿಂಗಳ ಹಿಂದಿನ ಮಾತುಕತೆಯ ಶೀರ್ಷಿಕೆಯಡಿ ಸಂಬಂಧವಿಲ್ಲದ ಹೊಸ ಸಂಗತಿ.

ವಿಷಯದ ಸಾಲಿನಲ್ಲಿ ಮೂರು ಸಂಗತಿ ಇರಲಿ: ಏನು, ಯಾರಿಂದ ಏನಾಗಬೇಕು, ಯಾವಾಗಿನೊಳಗೆ. "ಜುಲೈ ಇನ್‌ವಾಯ್ಸ್: ನಿಮ್ಮ ಒಪ್ಪಿಗೆ ಬೇಕು, ಗುರುವಾರ ಸಂಜೆ 4ರೊಳಗೆ." ಏನೂ ಆಗಬೇಕಿಲ್ಲದಿದ್ದರೆ "ಮಾಹಿತಿಗಾಗಿ ಮಾತ್ರ" ಎಂದೇ ಶುರುಮಾಡಿ. ಒಳಗೆ ಮೊದಲ ಸಾಲಿನಲ್ಲೇ ಪ್ರಶ್ನೆ ಕೇಳಿ, ಹಿನ್ನೆಲೆ ಆಮೇಲೆ ಬರಲಿ. "ಕೆಳಗಿನ ಮೇಲ್ ನೋಡಿ ಅಗತ್ಯ ಕ್ರಮ ಕೈಗೊಳ್ಳಿ" ಎಂದು ಹದಿನೈದು ಮೇಲ್‌ಗಳ ಸರಮಾಲೆಯನ್ನು ಮುಂದೆ ತಳ್ಳಬೇಡಿ. ಅದರಲ್ಲಿ ಏನಿದೆಯೆಂದು ಎರಡು ಸಾಲಿನಲ್ಲಿ ನೀವೇ ಹೇಳಿ. ನೀವು ಉಳಿಸಿಕೊಂಡ ಐದು ನಿಮಿಷ ಎಂಟು ಮಂದಿಯಿಂದ ಹತ್ತತ್ತು ನಿಮಿಷ ಕಿತ್ತುಕೊಂಡಿರುತ್ತದೆ.

'ಸಿಗೋಣವೇ?' ಎಂದು ಕೇಳಬೇಡಿ. "ಬುಧವಾರ 11 ಅಥವಾ ಗುರುವಾರ 3, ಯಾವುದಾದರೂ ಆದೀತು" ಎಂದರೆ ನಾಲ್ಕು ಮೇಲ್ ಉಳಿಯುತ್ತವೆ.

11. ಮೂರನೆಯ ಸುತ್ತಿಗೆ ಫೋನ್ ಎತ್ತಿ

ಒಂದೇ ವಿಷಯಕ್ಕೆ ಎರಡು ಸಲ ಮೇಲ್ ಹೋಗಿ ಬಂದೂ ಬಗೆಹರಿಯದಿದ್ದರೆ ಅದು ಬರೆದು ಬಗೆಹರಿಯುವಂಥದ್ದಲ್ಲ. ಫೋನ್ ಮಾಡಿ, ಇಲ್ಲವೇ ಎದ್ದು ಅವರ ಮೇಜಿನ ಹತ್ತಿರ ಹೋಗಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಮತ್ತು ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 13 ಮಂದಿ ನೌಕರರ ಮೇಲ್ ಅನ್ನು ಐದು ದಿನ ಪೂರ್ತಿ ನಿಲ್ಲಿಸಿ, ಅವರ ಹೃದಯ ಬಡಿತವನ್ನು ಅಳೆದರು. ಆ ದಿನಗಳಲ್ಲಿ ಅವರು ಒಂದೊಂದು ಕೆಲಸದ ಮೇಲೂ ಹೆಚ್ಚು ಹೊತ್ತು ನಿಂತರು, ದೇಹದ ಒತ್ತಡವೂ ಇಳಿಯಿತು. ಜೊತೆಗೆ ಅವರು ಎದ್ದು ಹೋಗಿ ಸಹೋದ್ಯೋಗಿಗಳೊಡನೆ ಎದುರುಬದುರು ಮಾತಾಡತೊಡಗಿದರು.

ಆದರೆ ಫೋನಿನಲ್ಲಿ ಆದ ತೀರ್ಮಾನವನ್ನು ಕೊನೆಗೆ ಎರಡು ಸಾಲಿನ ಮೇಲ್‌ನಲ್ಲಿ ದಾಖಲಿಸಿ. ಮೇಲ್‌ನ ನಿಜವಾದ ಬಲ ಅದು.

12. ತುರ್ತು ಅಂದರೆ ಏನು, ತಂಡದಲ್ಲಿ ಕೂತು ಮಾತಾಡಿ

ಎಷ್ಟೇ ಸೆಟ್ಟಿಂಗ್ ಬದಲಿಸಿದರೂ ತಂಡದಲ್ಲಿ ಒಪ್ಪಂದವಿಲ್ಲದಿದ್ದರೆ ಒಬ್ಬರೇ ಹೆಚ್ಚು ದಿನ ನಿಲ್ಲಲಾರರು. ಒಂದು ಮೀಟಿಂಗಿನಲ್ಲಿ ಇಷ್ಟನ್ನು ಗೊತ್ತುಮಾಡಿ: ಈಗಲೇ ಬೇಕಾದದ್ದಕ್ಕೆ ಫೋನ್, ಇಂದೇ ಬೇಕಾದದ್ದಕ್ಕೆ ಚಾಟ್, ಉಳಿದದ್ದಕ್ಕೆಲ್ಲ ಮೇಲ್. ಮೇಲ್‌ಗೆ ಉತ್ತರ ಒಂದು ಕೆಲಸದ ದಿನದೊಳಗೆ. ಇಷ್ಟಾದರೆ ಮೇಲ್ ನೋಡದೆ ಕೂತವರ ಎದೆಯಲ್ಲಿ ಅಳುಕಿರುವುದಿಲ್ಲ.

ಒಪ್ಪಂದ ಬೇಕೇಬೇಕು ಎನ್ನುವುದಕ್ಕೆ ಕಾರಣವಿದೆ. ಲಾರಾ ಜರ್ಜ್ ಮತ್ತು ವನೆಸ್ಸಾ ಬಾನ್ಸ್ 2021ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಕಳಿಸಿದವರು ಎಷ್ಟು ಬೇಗ ಉತ್ತರ ಬಯಸುತ್ತಾರೋ ಅದಕ್ಕಿಂತ ಬೇಗ ಬಯಸುತ್ತಾರೆಂದು ಪಡೆದವರು ಭಾವಿಸುತ್ತಾರೆ. ಕೆಲಸದ ಸಮಯದ ಆಚೆ ಬಂದ, ತುರ್ತಲ್ಲದ ಮೇಲ್‌ಗಳ ವಿಷಯದಲ್ಲೂ ಹೀಗೇ. "ಇದಕ್ಕೆ ಅವಸರವಿಲ್ಲ" ಎಂಬ ಒಂದು ಸಾಲನ್ನು ಕಳಿಸುವವರು ಸೇರಿಸಿದರೆ ಆ ತಪ್ಪು ತಿಳಿವಳಿಕೆ ಇಳಿಯುತ್ತದೆ.

ಈ ಮಾತು ಮುಖ್ಯವಾಗಿ ಹಿರಿಯರಿಗೆ. ಮೈಸೂರಿನಿಂದಲೋ ಹಾಸನದಿಂದಲೋ ಓದು ಮುಗಿಸಿ ಮೊದಲ ಕೆಲಸಕ್ಕೆ ಸೇರಿದ ಹುಡುಗಿಗೆ ಮ್ಯಾನೇಜರ್ ಮೇಲ್‌ಗೆ ಎಷ್ಟು ಹೊತ್ತಿನೊಳಗೆ ಉತ್ತರಿಸಬೇಕೆಂದು ಯಾರೂ ಹೇಳಿರುವುದಿಲ್ಲ. ಅವಳು ತಕ್ಷಣ ಎಂದೇ ತಿಳಿಯುತ್ತಾಳೆ. ಕಲಿಯಬೇಕಾದ ವರ್ಷಗಳಲ್ಲಿ ಒಂದು ಗಂಟೆಯೂ ನೆಟ್ಟಗೆ ಕೂತು ಕಲಿಯಲಾಗದೆ ಹೋಗುತ್ತದೆ. ಸೇರಿದ ಮೊದಲ ವಾರವೇ ಇದನ್ನು ಹೇಳಿಕೊಡುವುದು ಹಿರಿಯರ ಕರ್ತವ್ಯ. ಹೇಳಿಕೊಡುವ ಹಿರಿಯರು ಸಿಗದಿದ್ದರೆ ನೀವೇ ಕೇಳಿ: "ಸರ್, ಹತ್ತರಿಂದ ಹನ್ನೆರಡರವರೆಗೆ ಆ ರಿಪೋರ್ಟ್ ಕೂತು ಮುಗಿಸ್ತೀನಿ. ಅರ್ಜೆಂಟ್ ಇದ್ರೆ ಫೋನ್ ಮಾಡಿ, ತಕ್ಷಣ ತಗೋತೀನಿ." ಕೆಲಸದ ಹೆಸರು ಹೇಳಿ ಕೇಳಿದ ಸಮಯವನ್ನು ಬೇಡ ಎನ್ನುವವರು ವಿರಳ.

13. ರಾತ್ರಿ ಬರೆದದ್ದು ಬೆಳಿಗ್ಗೆ ಹೋಗಲಿ

ಮಕ್ಕಳು ಮಲಗಿದ ಮೇಲೆ ಹತ್ತೂವರೆಗೆ ಕೂತು ಬರೆಯುವುದು ನಿಮಗೆ ಅನುಕೂಲವಿರಬಹುದು. ಬರೆಯಿರಿ, ಕಳಿಸಬೇಡಿ. ಜಿಮೇಲ್‌ನಲ್ಲಿ 2019ರಿಂದ ಶೆಡ್ಯೂಲ್ ಸೆಂಡ್ ಇದೆ, ಔಟ್‌ಲುಕ್‌ನಲ್ಲಿ ಡಿಲೇ ಡೆಲಿವರಿ ಇದೆ. ಮರುದಿನ ಬೆಳಿಗ್ಗೆ ಹೋಗುವಂತೆ ಇಡಿ. ಸಿಟ್ಟಿನಲ್ಲಿ ಬರೆದದ್ದಾದರೆ ಹೋಗುವ ಮುಂಚೆ ತಿದ್ದುವುದಕ್ಕೂ ಒಂದು ರಾತ್ರಿ ಸಿಕ್ಕಂತಾಯಿತು.

ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 2011ರಲ್ಲಿ ನೌಕರರ ಒಂದು ವರ್ಗಕ್ಕೆ, ಪಾಳಿ ಮುಗಿದ ಅರ್ಧ ಗಂಟೆಗೆ ಬ್ಲ್ಯಾಕ್‌ಬೆರಿ ಫೋನುಗಳಿಗೆ ಮೇಲ್ ಹೋಗುವುದನ್ನು ಸರ್ವರಿನಲ್ಲೇ ನಿಲ್ಲಿಸಿ, ಮರುದಿನ ಪಾಳಿಗೆ ಅರ್ಧ ಗಂಟೆ ಮುಂಚೆ ಬಿಡುವ ಏರ್ಪಾಡು ಮಾಡಿತು. ಫ್ರಾನ್ಸಿನಲ್ಲಿ ಕೆಲಸದ ಸಮಯದ ಆಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕು 2017ರ ಜನವರಿ 1ರಿಂದ ಕಾನೂನಿನಲ್ಲಿದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆ 2018ರಲ್ಲಿ ಇಂಥದೇ ಖಾಸಗಿ ಮಸೂದೆ ಮಂಡಿಸಿದ್ದರು. ರಾತ್ರಿ ಪಾಳಿ, ಅಮೆರಿಕದ ಕರೆಗಳ ನಡುವೆ ಬದುಕುವ ಬೆಂಗಳೂರಿಗೆ ಇಂಥ ರಕ್ಷಣೆ ಬೇಕು ಎಂದೇ ನನ್ನ ಬಲವಾದ ಅಭಿಪ್ರಾಯ. ಕಾನೂನು ಬರಲಿ ಎಂದು ಕಾಯದೆ ಒಂದು ತಂಡದ ಮಟ್ಟಿಗೆ ಇದನ್ನು ನಾಳೆಯೇ ತರಬಹುದು.

14. ನಿಮ್ಮ ಕೆಲಸ ಯಾವ ಬಗೆಯದೆಂದು ತಿಳಿದುಕೊಳ್ಳಿ

ಕಂಪ್ಯೂಟರ್ ವಿಜ್ಞಾನದ ದಿಗ್ಗಜ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ ಇ-ಮೇಲ್ ಬಿಟ್ಟದ್ದು 1990ರ ಜನವರಿ 1ರಂದು. ಜನ ಇನ್ನೂ ಅದರ ಹೆಸರು ಕೇಳುತ್ತಿದ್ದ ಕಾಲಕ್ಕೇ ಅವರು ಸುಮಾರು ಹದಿನೈದು ವರ್ಷ ಬಳಸಿ ಮುಗಿಸಿದ್ದರು. ಎಲ್ಲದರ ಮೇಲೂ ಕಣ್ಣಿಟ್ಟಿರಬೇಕಾದವರಿಗೆ ಮೇಲ್ ಒಳ್ಳೆಯದು, ತನ್ನ ಕೆಲಸ ವಿಷಯದ ತಳಕ್ಕಿಳಿಯುವುದು, ಅದಕ್ಕೆ ಅಡೆತಡೆಯಿಲ್ಲದ ದೀರ್ಘ ಹೊತ್ತು ಬೇಕು ಎಂಬುದು ಅವರು ಕೊಟ್ಟ ಕಾರಣ. ಜನರನ್ನು ಅವರು ದೂರ ಮಾಡಲಿಲ್ಲ. ಅಂಚೆಯಲ್ಲಿ ಬಂದದ್ದನ್ನು ಒಟ್ಟುಗೂಡಿಸಿಟ್ಟು ತಮ್ಮ ಹೊತ್ತಿಗೆ ನೋಡುತ್ತಾರೆ. ತಮ್ಮ ಪುಸ್ತಕಗಳಲ್ಲಿ ತಪ್ಪು ಹುಡುಕಿಕೊಟ್ಟವರಿಗೆ 2008ರವರೆಗೆ 2.56 ಡಾಲರಿನ ಚೆಕ್ ಬರೆದು ಕಳಿಸುತ್ತಿದ್ದ ಅವರ ಪದ್ಧತಿ ಪ್ರಸಿದ್ಧ.

ಕ್ನೂತ್ ಅವರಿಗೆ ಕಾರ್ಯದರ್ಶಿ ಇದ್ದರು, ನಮಗಿಲ್ಲ. ಆದರೆ ಅವರು ಮಾಡಿದ ವಿಭಾಗ ನಮಗೂ ಬೇಕು. ಗ್ರಾಹಕರ ದೂರು ನೋಡುವವರು, ಟಿಕೆಟ್ ಕಾಯ್ದಿರಿಸುವವರು, ಸಪೋರ್ಟ್ ಡೆಸ್ಕಿನವರು: ಇವರಿಗೆ ಮೇಲ್ ನೋಡುವುದೇ ಕೆಲಸ, ಮೂರು ಹೊತ್ತಿನ ಸೂತ್ರ ಇವರಿಗಲ್ಲ. ಕಷ್ಟ ಇರುವುದು ಎರಡೂ ಕೆಲಸ ಒಬ್ಬರ ತಲೆಯ ಮೇಲೆ ಬಿದ್ದಾಗ. ಐದು ಮಂದಿಯ ತಂಡದಲ್ಲಿ ಐವರೂ ಅರ್ಧ ಕಣ್ಣನ್ನು ಸಾಮಾನ್ಯ ಇನ್‌ಬಾಕ್ಸಿನ ಮೇಲಿಟ್ಟು ಕೂರುವುದಕ್ಕಿಂತ, ದಿನಕ್ಕೊಬ್ಬರು ಸರದಿಯ ಮೇಲೆ ಅದನ್ನು ನೋಡಿಕೊಂಡರೆ ಉಳಿದ ನಾಲ್ವರಿಗೆ ಪೂರ್ತಿ ದಿನ ಸಿಗುತ್ತದೆ. ಸರದಿಯವರಿಗೆ ಅಂದು ಬೇರೆ ಕೆಲಸ ಹೇಳಬಾರದು.

15. ರಜೆಗೆ ಹೋಗುವಾಗ, ಬಂದಾಗ

ಔಟ್ ಆಫ್ ಆಫೀಸ್ ಉತ್ತರದಲ್ಲಿ ನಿಮ್ಮ ಬದಲು ಯಾರು, ಅವರ ವಿಳಾಸವೇನು ಎಂದು ಬರೆಯಿರಿ; "ಆಗಾಗ ಮೇಲ್ ನೋಡುತ್ತಿರುತ್ತೇನೆ" ಎಂದು ಬರೆಯಬೇಡಿ. ಡೈಮ್ಲರ್ ಕಂಪನಿ 2014ರಲ್ಲಿ ರಜೆಯಲ್ಲಿರುವವರಿಗೆ ಬಂದ ಮೇಲ್ ತಾನಾಗಿ ಅಳಿಸಿಹೋಗುವ ಆಯ್ಕೆಯನ್ನೇ ಕೊಟ್ಟಿತ್ತು. ಕಳಿಸಿದವರಿಗೆ ಹಾಗೆಂದು ತಿಳಿಸಿ ಬದಲಿ ವ್ಯಕ್ತಿಯ ವಿಳಾಸ ಕೊಡುತ್ತಿತ್ತು. ನಮಗೆ ಅಷ್ಟು ಸಾಧ್ಯವಿಲ್ಲದಿದ್ದರೂ, ಮರಳುವ ದಿನಾಂಕವನ್ನು ಒಂದು ದಿನ ಮುಂದೆ ಬರೆದು ಮೊದಲ ದಿನವನ್ನು ಮೀಟಿಂಗ್ ಇಲ್ಲದೆ ಇಟ್ಟುಕೊಳ್ಳಬಹುದು. ಅಂದು ರಾಶಿಯನ್ನು ತೀರಾ ಈಚಿನದರಿಂದ ಹಿಂದಕ್ಕೆ ಓದುತ್ತ ಹೋಗಿ. ದಸರಾ ರಜೆಯಲ್ಲಿ ಸೋಮವಾರ ಎದ್ದ ಎಷ್ಟೋ ಪ್ರಶ್ನೆಗಳು ಬುಧವಾರದ ಮೇಲ್‌ನಲ್ಲಿ ಆಗಲೇ ಬಗೆಹರಿದಿರುತ್ತವೆ, ಅವನ್ನು ತೆರೆಯದೆಯೇ ಆರ್ಕೈವ್ ಮಾಡಬಹುದು.